ನಾಲ್ಕು ಗೇರು ಹಿಂದಕ್ಕೆ, ಒಂದು ಮುಂದಕ್ಕೆ

ಜೇವರ್ಗಿಯ ಗೌಡರು ತಮ್ಮ ಕಾರನ್ನು ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಹೇರಿಕೊಂಡು ಆಳಂದದ ನನ್ನ ಗ್ಯಾರೇಜಿನ ಮುಂದೆ ಬಂದು ನಿಂತಾಗ ನಾನು ಒಬ್ಬ ಗಿರಾಕಿಯ ಜೊತೆ ಜಗಳ ಹಚ್ಚಿದ್ದೆ. ಇದರಲ್ಲಿ ಹೊಸದೇನಿಲ್ಲ. ಅಪ್ಪನಿಂದ ಗ್ಯಾರೇಜು ಬಂದಂತೆ ಅಪ್ಪನ ಬಾಯಿಯೂ ನನಗೆ ಬಂದಿದೆ. ವರ್ಷಗಟ್ಟಲೆ ಆಯಿಲ್ ಬದಲಿಸದೆ ಗಾಡಿ ಓಡಿಸಿ, ಎಂಜಿನ್ ಹಿಡಕೊಂಡಿತು ಎಂದು ಅಳುತ್ತಾ ಬರುವವನಿಗೆ ಚಹಾ ಕೊಟ್ಟು ಸಮಾಧಾನ ಹೇಳುವವಳು ನಾನಲ್ಲ. ಆಳಂದದಲ್ಲಿ ನನ್ನ ಕೆಲಸದ ಬಗ್ಗೆ ಯಾರನ್ನಾದರೂ ಕೇಳಿ, ಹೊಗಳುತ್ತಾರೆ. ಬಾಯಿಯ ಬಗ್ಗೆ ಕೇಳಿದರೆ ಸುಮ್ಮನೆ ನಗುತ್ತಾರೆ.

ಟ್ರಾಲಿಯ ಮೇಲಿದ್ದದ್ದು ಹಳೆಯ ಕಾಲದ, ದುಂಡು ಬೆನ್ನಿನ ಸಣ್ಣ ಕಾರು. ಅದರ ಎಂಜಿನ್ ಮುಂದಿರುವುದಿಲ್ಲ. ಹಿಂದಿನ ಗಾಲಿಗಳಿಗೂ ಆಚೆ, ತೀರಾ ಬಾಲದಲ್ಲಿ ಜೋತುಬಿದ್ದಿರುತ್ತದೆ. ಮುಂದಿನ ಬಾನೆಟ್ ಎತ್ತಿದರೆ ಸಾಮಾನು ಇಡುವ ಜಾಗ ಕಾಣುತ್ತದೆ. ನಮ್ಮ ಕಡೆ ಇದಕ್ಕೆ ಆಮೆ ಗಾಡಿ ಎನ್ನುತ್ತಾರೆ. ಗೌಡರು ಇದನ್ನು ಸೊಲ್ಲಾಪುರದ ಒಬ್ಬ ಮುದುಕರಿಂದ ಕೊಂಡು, ಗಡಿಯ ಖಜೂರಿ ದಾಟಿಸಿ ತಂದಿದ್ದರು. ವರ್ಷಕ್ಕೊಮ್ಮೆ ತೊಗರಿ ರಾಶಿ ಮುಗಿದ ಮೇಲೆ ಜೇವರ್ಗಿ ಕಡೆಯ ಹೊಲವೊಂದರಲ್ಲಿ ಕಾರ್ ರೇಸ್ ನಡೆಯುತ್ತದೆ. ಕಪ್ಪು ಎರಿ ನೆಲಕ್ಕೆ ರೋಲರ್ ಹೊಡೆದು, ನೀರು ಚಿಮುಕಿಸಿ, ಅಂಚಿಗೆ ಹಳೇ ಟೈರುಗಳನ್ನು ಪೇರಿಸಿದರೆ ಅದೇ ರೇಸಿನ ಹಾದಿ. ಅಲ್ಲಿ ಓಡಿಸಲೆಂದೇ ಈ ಆಮೆ ಬಂದಿತ್ತು.

ಗೌಡರು ಸ್ಟೇರಿಂಗ್ ಹಿಡಿಯಲು ಬಾರದವರೇನಲ್ಲ. ಟ್ರ್ಯಾಕ್ಟರಿಗೆ ಟ್ರಾಲಿ ಕಟ್ಟಿಕೊಂಡು ನೆಟ್ಟ ಬಡಿಗೆಗಳ ನಡುವೆ ಹಿಂದು ಹಿಂದಕ್ಕೇ ಓಡಿಸುವ ಪಂದ್ಯಗಳಲ್ಲಿ ಸುತ್ತಲಿನ ತಾಲ್ಲೂಕುಗಳಲ್ಲೆಲ್ಲ ಅವರದು ದೊಡ್ಡ ಹೆಸರು. ಆದರೆ ಹೋದ ವರ್ಷದ ರೇಸಿನಲ್ಲಿ ಇದೇ ಗಾಡಿ ಓಡಿಸುವಾಗ, ಕೊನೆಯ ತಿರುವಿನಲ್ಲಿ, ಗಾಬರಿಯಾಗಿ ಎಕ್ಸಲೇಟರಿನಿಂದ ಒಮ್ಮೆಲೇ ಕಾಲು ಎತ್ತಿದ್ದರು. ಭಾರವೆಲ್ಲ ಬಾಲದಲ್ಲಿರುವ ಗಾಡಿ, ಬಾಲವೇ ಮೂತಿಗಿಂತ ಮುಂದೆ ಹೋಗಲು ಹವಣಿಸಿತು. ಗಿರಗಿರನೆ ತಿರುಗಿ ಟೈರಿನ ಗೋಡೆಗೆ ಬಡಿದು, ಗೌಡರ ಭುಜದ ಎಲುಬು ಮುರಿಯಿತು. ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಗೌಡಸಾನಿ, ಅಂದರೆ ಅವರ ಹೆಂಡತಿ, ಕರಾರು ಮಾಡಿದ್ದರಂತೆ.

"ಇನ್ನೊಂದೇ ಸಲ ಬಿಡ್ತೇನಿ ಅಂದಾಳ್ರಿ ಅಕ್ಕಾರ," ಎಂದರು ಗೌಡರು, ಟ್ರಾಲಿಯ ಅಂಚು ಹಿಡಿದುಕೊಂಡು. "ರೇಸಿನ್ಯಾಗ ಗಾಡಿ ಮತ್ತ ಗಿರ್ರಂತ ತಿರುಗಿತಂದ್ರ ಅವತ್ತೇ ಗುಜರಿಗೆ. ಮುಂದ ಜನ್ಮದಾಗ ರೇಸಿನ ಹೆಸರು ತೆಗೀಬಾರದಂತ."

ಅವರ ಮುಖ ನೋಡಿ ನನಗೆ ಪಾಪ ಅನಿಸಿತು. ಐವತ್ತರ ಹತ್ತಿರದ ಮನುಷ್ಯ, ಮನೆತುಂಬ ಆಳುಕಾಳು, ಎಕರೆಗಟ್ಟಲೆ ತೊಗರಿ. ವರ್ಷದಲ್ಲಿ ಅವರು ತಮ್ಮ ಸ್ವಂತ ಖುಷಿಗೆಂದು ಮಾಡುವುದು ಇದೊಂದೇ ಕೆಲಸವಾಗಿತ್ತು. ಅದೂ ಹೋಗುವ ಹಂತಕ್ಕೆ ಬಂದಿತ್ತು.

ಗೌಡರ ಬಳಿ ಉಪಾಯವೂ ಸಿದ್ಧವಾಗಿತ್ತು, ಫೋನಿನಲ್ಲಿ ವಿಡಿಯೊ ನೋಡಿಕೊಂಡು ಬಂದಿದ್ದರು. ಎಂಜಿನ್ನನ್ನು ಬಾಲದಿಂದ ಕಿತ್ತು, ಹಿಂದಿನ ಗಾಲಿಗಳಿಗಿಂತ ಮುಂದೆ, ಹಿಂದಿನ ಸೀಟು ಇದ್ದ ಕಡೆ ಕೂರಿಸಬೇಕು. ಭಾರ ನಡುವಿಗೆ ಬಂದರೆ ಗಾಡಿ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ಎತ್ತಿನ ಗಾಡಿಗೆ ಚೀಲ ಹೇರುವವರಿಗೆಲ್ಲ ಗೊತ್ತಿರುವ ಸಂಗತಿಯಿದು: ಹಿಂಭಾರವಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ. ಉಪಾಯ ಸರಿಯೇ. ಆದರೆ ಹಾಗೆ ಮಾಡಲು ಕಾರಿನ ಹಿಂದಿನ ಅರ್ಧವನ್ನೇ ಕತ್ತರಿಸಿ ಹೊಸದಾಗಿ ಕಟ್ಟಬೇಕು. ಎಂಜಿನ್ನೂ ಗೇರ್‌ಬಾಕ್ಸೂ ನನ್ನ ಕೈಗೆ ಬಂದ ವಿದ್ಯೆ, ಕಬ್ಬಿಣ ಕಟ್ಟುವುದು ಅಲ್ಲ. ಅದಕ್ಕೆ ಅಫಜಲಪುರದ ಚಾಚಾ ಬೇಕಾಗಿದ್ದರು.

ಚಾಚಾ ಅಪ್ಪನ ಜೋಡಿ ಕೆಲಸ ಕಲಿತವರು. ಅವರ ವೆಲ್ಡಿಂಗ್ ಅಂಗಡಿಯಲ್ಲಿ ತಯಾರಾದ ರಾಶಿ ಮಷಿನ್ನುಗಳು ಭೀಮಾ ದಂಡೆಯ ಹಳ್ಳಿಗಳಲ್ಲೆಲ್ಲ ಕಾಳು ಒಕ್ಕುತ್ತಿವೆ. ನಾನು ಫ್ರಾಕು ತೊಟ್ಟುಕೊಂಡು ಗ್ಯಾರೇಜಿನಲ್ಲಿ ಓಡಾಡುವ ಕಾಲದಿಂದ ನನ್ನನ್ನು ಬೇಟಿ ಎಂದೇ ಕರೆಯುತ್ತಾರೆ. ಊರಿನಲ್ಲಿ ಯಾರ ಮುಖಕ್ಕೆ ಏನು ಬೇಕಾದರೂ ಹೇಳುವ ನಾನು ಅವರೆದುರು ಮಾತ್ರ ತುಟಿ ಬಿಚ್ಚುವವಳಲ್ಲ. ಅವರು ಹೇಳಿದರೆ ಮುಗಿಯಿತು, ಹೌದ್ರಿ ಚಾಚಾ. ಈ ಮುಲಾಜು ನಮ್ಮಿಬ್ಬರನ್ನೂ ಹೇಗೆ ಹಳ್ಳಕ್ಕೆ ಹಾಕಿತೆಂಬುದನ್ನೇ ನಾನೀಗ ಹೇಳಹೊರಟಿರುವುದು.

ಮೊದಲು ತೂಕ. ಯಾವ ಗಾಲಿಯ ಮೇಲೆ ಎಷ್ಟು ಭಾರವಿದೆ ಎಂದು ತಿಳಿಯದೆ ಕತ್ತರಿ ಹಾಕುವುದು ದರ್ಜಿಯೂ ಮಾಡದ ಕೆಲಸ. ಪರಿಚಯದ ದಾಲ್ ಮಿಲ್ಲಿನಿಂದ ತೊಗರಿ ತೂಗುವ ನಾಲ್ಕು ಕಾಟಾಗಳನ್ನು ತರಿಸಿ, ಒಂದೊಂದು ಗಾಲಿಯ ಕೆಳಗೆ ಒಂದೊಂದು ಇಟ್ಟೆ. ಕಾಟಾಗಳ ಜೊತೆಗೆ ಮಿಲ್ಲಿನ ತೂಕದವನೂ ಬಂದಿದ್ದ. ಅವನು ಹೇಳಿದ ಅಂಕಿಗಳನ್ನು ಕೂಡಿಸಿದರೆ ಲೆಕ್ಕ ಎಲ್ಲೋ ತಪ್ಪುತ್ತಿತ್ತು. ನಾನೇ ಬಗ್ಗಿ ಕಾಟಾ ನೋಡಿದೆ. ಪುಣ್ಯಾತ್ಮ, ಮಾರ್ಕೆಟ್ಟಿನ ರೂಢಿಯಂತೆ ಮಣ್ಣು ಕಡ್ಡಿಯ ಲೆಕ್ಕಕ್ಕೆ ಒಂದಿಷ್ಟು ಸೂಟು, ಅಂದರೆ ಕಡಿತ, ಮುರಿದುಕೊಂಡು ಉಳಿದ ತೂಕ ಹೇಳುತ್ತಿದ್ದ. ಕಾರಿನಲ್ಲಿ ಯಾವ ತೊಗರಿ ಹೊಟ್ಟು ಇದೆಯೋ ಮಾರಾಯ ಎಂದು ಬೈದೆ. ಬಾಯಿ ತಾನೇ ಹೇಳಿಬಿಡ್ತದ್ರಿ ಎಂದು ಅವನು ನಗುತ್ತ ಮತ್ತೊಮ್ಮೆ ಓದಿದ. ಒಟ್ಟು ಭಾರದಲ್ಲಿ ಹೆಚ್ಚುಕಡಿಮೆ ಮೂರನೇ ಎರಡರಷ್ಟು ಹಿಂದಿನ ಗಾಲಿಗಳ ಮೇಲೇ ಇತ್ತು.

ಆಮೇಲೆ ಕೆಲಸ ಎರಡು ಪಾಲಾಯಿತು. ಎಂಜಿನ್ ನನ್ನ ಬಳಿ ಆಳಂದದಲ್ಲಿ ಉಳಿಯಿತು. ಬಾಡಿಯೂ ಗೇರ್‌ಬಾಕ್ಸೂ ಅಫಜಲಪುರಕ್ಕೆ ಹೋದವು. ಗೇರ್‌ಬಾಕ್ಸಿನ ಅಳತೆ ಇಲ್ಲದೆ ಚಾಚಾನಿಗೆ ಚೌಕಟ್ಟು ಕಟ್ಟಲು ಬರುತ್ತಿರಲಿಲ್ಲ, ಅಲ್ಲದೆ ಅದರ ಬೇರಿಂಗ್ ಸದ್ದು ಮಾಡುತ್ತಿತ್ತು, ಅದನ್ನೂ ಅವರೇ ಬದಲಿಸುತ್ತೇನೆ ಎಂದರು.

ವಾರಕ್ಕೊಮ್ಮೆ ನಾನು ಅಫಜಲಪುರಕ್ಕೆ ಹೋಗಿ ಬರುತ್ತಿದ್ದೆ. ಮೊದಲ ಪೆಟ್ಟು ಬಿದ್ದದ್ದು ಹಿಂದಿನ ಸೀಟಿನ ಕೆಳಗೆ. ಈ ಕಾರಿನ ಹಿಂದಿನ ಗಾಲಿಗಳಿಗೆ ಸುರುಳಿ ಸ್ಪ್ರಿಂಗ್ ಇರುವುದಿಲ್ಲ. ಅಡ್ಡಡ್ಡ ಮಲಗಿದ ದಪ್ಪ ಕೊಳವೆಯೊಳಗೆ ಒಂದು ಸರಳು ಹಿಂಡಿಕೊಳ್ಳುತ್ತ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಎಂಜಿನ್ ಬಂದು ಕೂರಬೇಕಾದ ಜಾಗದಲ್ಲೇ ಆ ಕೊಳವೆ ಮಲಗಿತ್ತು. ಎಂಜಿನ್ನನ್ನು ಮೇಲೆತ್ತಿದರೆ ಭಾರ ಮೇಲೆ ಹೋಗುತ್ತದೆ, ಕೊಳವೆ ಕತ್ತರಿಸಿದರೆ ಗಾಲಿಗಳಿಗೆ ಆಸರೆಯೇ ಇಲ್ಲ. ಚಾಚಾ ಎರಡು ದಿನ ಅದರ ಸುತ್ತ ಸುಮ್ಮನೆ ಓಡಾಡಿದರಂತೆ. ಮೂರನೆಯ ದಿನ ಕಟರ್ ಹಚ್ಚಿ ಕೊಳವೆಯನ್ನೇ ತೆಗೆದುಹಾಕಿದರು. ಗುಜರಿಯಿಂದ ಬೇರೊಂದು ಕಾರಿನ ಸುರುಳಿ ಸ್ಪ್ರಿಂಗ್ ತಂದು, ಅವುಗಳನ್ನು ಹಿಡಿಯಲು ಪೈಪಿನ ಚೌಕಟ್ಟು ಕಟ್ಟತೊಡಗಿದರು. ನೆಲಕ್ಕೆ ಎರಡು ದಪ್ಪ ಗರ್ಡರ್ ಬಿಗಿದು, ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ಹಿಡಿದು, ಒಂದೊಂದೇ ಪೈಪನ್ನು ಮೊದಲು ಚುಕ್ಕೆ ವೆಲ್ಡ್ ಮಾಡಿ, ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಿ, ಆಮೇಲಷ್ಟೇ ಪೂರ್ತಿ ಬೆಸೆಯುತ್ತಿದ್ದರು. ಆ ಚೌಕಟ್ಟು ನೋಡಿ ನನಗೆ ಎಂಥ ಹೆಮ್ಮೆಯಾಯಿತು ಎಂದರೆ ಫೋಟೊ ತೆಗೆದು ಸಿಕ್ಕವರಿಗೆಲ್ಲ ತೋರಿಸಿದೆ.

ಇನ್ನು ಗೇರ್‌ಬಾಕ್ಸಿನ ವಿಷಯ. ಇಲ್ಲೇ ನಿಧಾನವಾಗಿ ಹೇಳಬೇಕು.

ಈ ಕಾರಿನಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಒಂದಕ್ಕೊಂದು ಅಂಟಿಕೊಂಡ ಜೋಡಿ. ಎಂಜಿನ್ ಗಾಲಿಯ ಹಿಂದಿನಿಂದ ಮುಂದಕ್ಕೆ ಬರಬೇಕಾದರೆ ಇಡೀ ಜೋಡಿಯನ್ನು ಹಿಂದುಮುಂದು ಮಾಡಿ ತಿರುಗಿಸಿ ಇಡಬೇಕು. ಹಾಗೆ ಇಟ್ಟ ಕೂಡಲೇ ಒಂದು ತಕರಾರು ಹುಟ್ಟುತ್ತದೆ: ಎಂಜಿನ್ ಮೊದಲಿನಂತೆಯೇ ತಿರುಗಿದರೂ ಗಾಲಿಗಳು ಉಲ್ಟಾ ತಿರುಗುತ್ತವೆ. ಇದಕ್ಕೆ ಮದ್ದು ಗೇರ್‌ಬಾಕ್ಸಿನ ಹೊಟ್ಟೆಯಲ್ಲಿದೆ. ಅಲ್ಲಿ ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರವಿರುತ್ತದೆ. ಅದನ್ನು ಬಿಚ್ಚಿ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹಾಕಿದರೆ ಗಾಲಿಗಳು ಮತ್ತೆ ಸರಿಯಾದ ದಿಕ್ಕಿಗೆ ತಿರುಗುತ್ತವೆ. ರಾಶಿ ಮಷಿನ್ ಉಲ್ಟಾ ತಿರುಗಿದರೆ ಬೆಲ್ಟನ್ನು ಅಡ್ಡಹಾಯಿಸಿ ಹಾಕುತ್ತೇವಲ್ಲ, ಆ ಬಗೆಯ ಕೆಲಸ. ನನಗೆ ಇದು ಗೊತ್ತಿತ್ತು. ಚಾಚಾನಿಗೂ ಗೊತ್ತಿತ್ತು.

ಬೇರಿಂಗ್ ಹಾಕಿದ ಗೇರ್‌ಬಾಕ್ಸ್ ಒಂದು ದಿನ ಟಂಟಂ ಗಾಡಿಯಲ್ಲಿ ಅಫಜಲಪುರದಿಂದ ನನ್ನ ಬಳಿ ಬಂತು, ಎಂಜಿನ್ನಿಗೆ ಜೋಡಿಸಲು. ಚಾಚಾ ಫೋನಿನಲ್ಲಿ, ಬೇರಿಂಗ್ ಹಾಕೇನಿ, ಎಲ್ಲಾ ನೋಡೇನಿ, ಮತ್ತ ಬಿಚ್ಚೂದು ಬ್ಯಾಡ ಬೇಟಿ ಎಂದರು. ಕ್ರೌನಿನ ಸುದ್ದಿಯನ್ನೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಚಾಚಾನಿಗೆ ವಯಸ್ಸಾಗಿದೆ, ಬೇರಿಂಗಿನ ಗದ್ದಲದಲ್ಲಿ ಮರೆತಿದ್ದಾರೆ, ನೆನಪಿದ್ದರೆ ಹೇಳುತ್ತಿದ್ದರು. ಫೋನ್ ಮಾಡಿ ಕೇಳೋಣವೆಂದರೆ, ಅಪ್ಪನ ಸಮಾನರಾದ ಉಸ್ತಾದರನ್ನು 'ಕ್ರೌನ್ ತಿರುವಿದ್ದೀರಾ?' ಎಂದು ಕೇಳಲು ನಾಲಗೆ ಏಳಲಿಲ್ಲ. ಸುಮ್ಮನೆ ಬಿಚ್ಚಿ, ಕ್ರೌನನ್ನು ಇದ್ದ ಮಗ್ಗುಲಿನಿಂದ ಆಚೆ ಮಗ್ಗುಲಿಗೆ ಹಾಕಿ, ಹಲ್ಲಿನ ಸಂದು ಅಳತೆ ನೋಡಿ, ಹೊಸ ಪ್ಯಾಕಿಂಗ್ ಇಟ್ಟು ಮುಚ್ಚಿಬಿಟ್ಟೆ. ಆ ಗೇರ್‌ಬಾಕ್ಸಿನ ಒಳಗನ್ನು ನಾನು ನೋಡಿದ್ದು ಅದೇ ಮೊದಲು. ಕಾರ್ಖಾನೆಯಿಂದ ಬಂದಾಗ ಕ್ರೌನ್ ಯಾವ ಮಗ್ಗುಲಿಗಿತ್ತು ಎಂದು ನನಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಎಷ್ಟು ಚಂದ ಚಾಚಾನ ಮಾನ ಉಳಿಸಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಕೊನೆಯ ಜೋಡಣೆ ಜೇವರ್ಗಿಯಲ್ಲಿ, ಗೌಡರ ಹೊಲದ ಶೆಡ್ಡಿನಲ್ಲಿ. ಚೌಕಟ್ಟು ಹೊತ್ತ ಬಾಡಿ ಅಫಜಲಪುರದಿಂದ ಬಂತು, ಎಂಜಿನ್ ಜೋಡಿ ಆಳಂದದಿಂದ ಬಂತು, ಹಿಂದೆ ಚಾಚಾ, ಹಿಂದೆ ನಾನು. ಚೈನ್ ಪುಲ್ಲಿಯಿಂದ ಎಂಜಿನ್ ಇಳಿಸಿ ಕೂರಿಸಿದೆವು. ಮೊದಲು ಗೇರಿನ ಸರಳು ಮುಂದಿನಿಂದ ಸೀದಾ ಗೇರ್‌ಬಾಕ್ಸಿನ ಮೂತಿಗೆ ಹೋಗುತ್ತಿತ್ತು. ಈಗ ಆ ಮೂತಿ ಹಿಂದಕ್ಕೆ ಮುಖ ಮಾಡಿತ್ತು, ನಡುವೆ ಎಂಜಿನ್ ಅಡ್ಡ. ಸರಳು ಬಿಟ್ಟು ಹಳೇ ಬಸ್ಸಿನ ಎರಡು ಗೇರ್ ಕೇಬಲ್ ಎಳೆದೆವು. ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ ಈಗ ಗೌಡರ ಬೆನ್ನಿಗೇ ಬಂದಿದ್ದರಿಂದ ಹಿಂಬದಿಯ ಎರಡೂ ಕಿಟಕಿಗಳಿಗೆ ತಗಡಿನ ಕೊಳವೆ ಕೂರಿಸಿ ಗಾಳಿ ಒಳಗೆ ಹಾಯಿಸಿದೆವು. ಸೀಟಿನ ಹಿಂದೆ ದಪ್ಪ ತಗಡಿನ ಗೋಡೆ ಎತ್ತಿದೆವು. ಎಲ್ಲ ಮುಗಿದ ಮೇಲೆ ಚೌಕಟ್ಟು ಇನ್ನಷ್ಟು ಗಟ್ಟಿಯಾಗಲೆಂದು ಚಾಚಾ ಗೇರ್‌ಬಾಕ್ಸಿನ ಮೇಲೆ ಒಂದು ಅಡ್ಡ ಪೈಪು ಇಟ್ಟು ವೆಲ್ಡ್ ಹೊಡೆದುಬಿಟ್ಟರು. ಇನ್ನು ಎಂಜಿನ್ ಇಳಿಸುವ ಪ್ರಸಂಗವೇ ಬರುವುದಿಲ್ಲ ಎಂಬುದು ಅವರ ಭರವಸೆ. ನಾನು ಹೌದ್ರಿ ಚಾಚಾ ಎಂದೆ.

ರೇಸಿಗೆ ಇನ್ನು ಉಳಿದದ್ದು ನಾಲ್ಕೈದು ದಿನ. ಬೆಳಿಗ್ಗೆ ಪೂಜೆ ಮಾಡಿ, ನಿಂಬೆಹಣ್ಣು ಗಾಲಿಯ ಕೆಳಗಿಟ್ಟು, ಗೌಡರು ಹೆಲ್ಮೆಟ್ ತೊಟ್ಟು ಕೂತರು. ಆಜುಬಾಜಿನ ಹೊಲದವರು ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಗೌಡಸಾನಿ ಮಾತ್ರ ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು, ಮುಖ ಬಿಗಿದುಕೊಂಡು. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರೇ ಬಂತು, ಸುಳ್ಳು ಯಾಕೆ ಹೇಳಲಿ. ಗೌಡರು ಕ್ಲಚ್ ಒತ್ತಿ, ಮೊದಲ ಗೇರ್ ಹಾಕಿ, ಎಕ್ಸಲೇಟರ್ ಕೊಟ್ಟರು. ಗಾಡಿ ಬುರ್ರನೆ ಹಿಂದಕ್ಕೆ ನುಗ್ಗಿ, ಒಟ್ಟಿದ್ದ ತೊಗರಿ ಕಟ್ಟಿಗೆಯ ಬಣವೆಯೊಳಗೆ ಅರ್ಧ ಹೊಕ್ಕು ನಿಂತಿತು.

ಗೌಡರು ಕಿಟಕಿಯಿಂದ ತಲೆ ಹೊರಹಾಕಿ ನಮ್ಮನ್ನು ನೋಡಿದರು. ಗೇರ್ ತಪ್ಪಾಗಿ ಬಿದ್ದಿರಬೇಕೆಂದು ಎರಡನೆಯದು ಹಾಕಿಸಿ ನೋಡಿದೆವು, ಅದೂ ಹಿಂದಕ್ಕೆ. ಮೂರನೆಯದು, ನಾಲ್ಕನೆಯದು, ಎಲ್ಲವೂ ಹಿಂದಕ್ಕೇ. ರಿವರ್ಸ್ ಹಾಕಿದಾಗ ಗಾಡಿ ಗಂಭೀರವಾಗಿ ಎರಡು ಮಾರು ಮುಂದಕ್ಕೆ ನಡೆಯಿತು.

ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಗೌಡರು ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು, ಎಡಗೈಯನ್ನು ಸೀಟಿನ ಬೆನ್ನಿನ ಮೇಲೆ ಹಾಕಿ, ಕುತ್ತಿಗೆ ಪೂರಾ ಹಿಂದಕ್ಕೆ ಹೊರಳಿಸಿದರು. ಎಂಜಿನ್ನೂ ತಗಡೂ ಅಡ್ಡ ಬಂದು ಹಿಂದಿನದು ಕಾಣದಾದಾಗ ಬಾಗಿಲು ತೆರೆದು ಅರ್ಧ ಮೈ ಹೊರಗೆ ಚಾಚಿದರು. ಮೊದಲ ಗೇರು, ಎರಡನೆಯದು, ಮೂರನೆಯದು. ಹೊಲದ ತುಂಬ ಒಂದು ಸುತ್ತು, ಹಿಂದು ಹಿಂದಕ್ಕೇ, ನೂಲು ಹಿಡಿದಂತೆ ಓಡಿಸಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಬದುವಿನ ಮೇಲಿನ ಜನ ಶಿಳ್ಳೆ ಹೊಡೆದರು. ಗೌಡರ ಮುಖ ನೋಡಬೇಕಿತ್ತು, ಪಂದ್ಯ ಗೆದ್ದವರ ಕಳೆ.

ಅಷ್ಟರಲ್ಲಿ ಗೌಡಸಾನಿ ಒಳಗೆ ಹೋಗಿ ತೆಂಗಿನಕಾಯಿ ತಂದು ಗಾಡಿಯ ಮುಂದೆ ಒಡೆದರು. ನಾನು ದಂಗಾಗಿ ನೋಡಿದೆ. ಅವರು ಮೊದಲ ಸಲ ನಕ್ಕರು. ಈ ಗಾಡಿ ಮುಂದಕ್ಕೆ ಹೋಗದಿರಲಿ ಎಂದು ಘತ್ತರಗಿ ಭಾಗ್ಯವಂತಿಗೆ ಹರಕೆ ಹೊತ್ತಿದ್ದರಂತೆ. ದೇವಿ ಮಾತಿಗೆ ಮಾತು ಸರಿಯಾಗಿ ನಡೆಸಿಕೊಟ್ಟಾಳ ನೋಡ್ರಿ ಎಂದರು. ಗೌಡರ ಕಳೆ ಅಲ್ಲಿಗೇ ಇಳಿದುಹೋಯಿತು.

ನನಗೂ ಚಾಚಾನಿಗೂ ಒಬ್ಬರ ಮುಖ ಒಬ್ಬರು ನೋಡುವ ಧೈರ್ಯವಿರಲಿಲ್ಲ. ಕ್ರೌನ್ ತಿರುವಿದ್ದೇನೆ, ನನ್ನ ಕೈಯಾರೆ ತಿರುವಿದ್ದೇನೆ, ಮತ್ತೆ ಹೇಗೆ ಹೀಗಾಯಿತು? ಗೌಡರು ಹತ್ತಿರ ಬಂದು ಏನಾಯಿತೆಂದು ಕೇಳಿದರು. ಚಾಚಾನ ಮೇಲೆ ಮಾತು ಬರಬಾರದು ಎಂದು ನಾನು ಮುಂದೆ ಬಿದ್ದು, ತಪ್ಪು ನನ್ನದ್ರಿ, ಗೇರ್‌ಬಾಕ್ಸ್ ಮುಚ್ಚಿದವಳು ನಾನೇ ಎಂದೆ. ಅದೇ ಹೊತ್ತಿಗೆ ಚಾಚಾ ಕೈ ಅಡ್ಡ ಹಿಡಿದು, ಹುಡುಗಿಗೆ ಏನೂ ಅನಬ್ಯಾಡ್ರಿ, ಕಸೂರು ನನ್ನದು ಎಂದರು. ನೀವಲ್ಲ ನಾನು, ನೀನಲ್ಲ ನಾನು ಎಂದು ನಮ್ಮಿಬ್ಬರ ನಡುವೆ ಜಗಳವೇ ಶುರುವಾಯಿತು. ಕೊನೆಗೆ ನನ್ನ ಬಾಯಿ ತಡೆಯಲಿಲ್ಲ.

"ಚಾಚಾ, ನೀವು ಮರ್ತಿದ್ರಿ. ಹೆಂಗ ಹೇಳೂದಂತ ನಾನ ಬಿಚ್ಚಿ ಕ್ರೌನ್ ತಿರುವಿ ಹಾಕೇನಿ."

ಚಾಚಾ ನನ್ನ ಕಡೆ ತಿರುಗಿದರು. ಗಡ್ಡದೊಳಗೆ ತುಟಿ ಅದುರಿದ್ದು ಸಿಟ್ಟಿಗೋ ನಗೆಗೋ ಮೊದಲು ತಿಳಿಯಲಿಲ್ಲ.

"ಯಾ ಅಲ್ಲಾ," ಎಂದರು. "ನೀ ಒಮ್ಮಿಯೂ ಕ್ರೌನಿನ ಮಾತು ತೆಗೀಲಿಲ್ಲ ಬೇಟಿ. ಮರ್ತಾಳ ಹುಡುಗಿ, ಗೌಡರ ಮುಂದ ಯಾಕ ಆಕಿ ಮರ್ಯಾದಿ ಕಳೀಲಿ ಅಂತ, ಬೇರಿಂಗ್ ಹಾಕೂ ಮುಂದ ನಾನೂ ತಿರುವೇನಿ."

ಅವರು ಒಮ್ಮೆ ತಿರುವಿದ್ದರು, ನಾನು ಅದನ್ನು ಮತ್ತೆ ತಿರುವಿದ್ದೆ. ಕ್ರೌನ್ ಕಾರ್ಖಾನೆಯಿಂದ ಬಂದ ದಿನ ಎಲ್ಲಿತ್ತೋ ಅಲ್ಲಿಗೇ ವಾಪಸು ಹೋಗಿ ಕೂತಿತ್ತು. ಚಾಚಾ ತೊಗರಿ ಕಟ್ಟಿಗೆಯ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ನಗುನಗುತ್ತ ಅಳುವೂ ಬಂತು.

ನಗೆ ಇಳಿದ ಮೇಲೆ ಮುಂದಿನ ಪ್ರಶ್ನೆ ಬಂತು. ಕ್ರೌನ್ ಇನ್ನೊಮ್ಮೆ ತಿರುವಬೇಕಾದರೆ ಎಂಜಿನ್ ಇಳಿಸಬೇಕು, ಇಳಿಸಬೇಕಾದರೆ ಚಾಚಾ ಕೊನೆಗೆ ಬೆಸೆದ ಅಡ್ಡ ಪೈಪನ್ನು ಕತ್ತರಿಸಬೇಕು. ಕತ್ತರಿಸಿದ ಚೌಕಟ್ಟು ಸೊಟ್ಟಗಾದರೆ ಇಡೀ ಕಾರು ಹೋಯಿತು. ಗೌಡರು, ಇದ್ದ ಒಂದು ಮುಂದಿನ ಗೇರಿನಲ್ಲೇ ಓಡಿಸಿದರಾಯಿತು ಬಿಡ್ರಿ ಎಂದರು, ನಮಗೆ ತೊಂದರೆಯಾಗದಿರಲಿ ಎಂದು. ಅವರದೂ ಮುಲಾಜೇ. ನಾನು ಎಂದಿನಂತೆ ಚಾಚಾನ ಮುಖ ನೋಡಿದೆ, ಅವರು ಏನು ಹೇಳುತ್ತಾರೋ ಅದಕ್ಕೆ ಹೌದೆನ್ನಲು. ಚಾಚಾ ಎದ್ದು ಬಟ್ಟೆ ಕೊಡವಿಕೊಂಡರು.

"ಇವತ್ತಿಂದ ಮುಲಾಜು ಬಂದ್ ಬೇಟಿ. ಪೈಪ್ ಕಡೀತೇನಿ, ಬೋಲ್ಟ್ ಹಚ್ಚಿ ಕೂಡಸ್ತೇನಿ. ಆದ್ರ ಅದಕ್ಕೂ ಮೊದ್ಲು ಈ ಗಾಡ್ಯಾಗ ನನ್ನ ಕೆಲಸದಾಗ ಏನ್ ತಪ್ಪು ಕಂಡದ, ಅಷ್ಟೂ ಹೇಳು. ನಾನೂ ನಿಂದು ಹೇಳ್ತೇನಿ."

ಇದು ಸುಲಭದ ಮಾತಲ್ಲ. ಊರಿಗೆಲ್ಲ ಬೈದು ಬದುಕುವ ನಾನು ಕೈಯ ಗ್ರೀಸನ್ನು ಎರಡೆರಡು ಸಲ ಒರೆಸಿಕೊಂಡೆ. ಆದರೆ ಹೇಳುವುದೊಂದಿತ್ತು. ಹಿಂದಿನ ದಿನ ಗಾಲಿಗಳ ಪಕ್ಕ ದಾರ ಹಿಡಿದು ನೋಡಿದಾಗ ಹಿಂದಿನ ಎರಡು ಗಾಲಿಗಳೂ ಮುಂಭಾಗದಲ್ಲಿ ಒಂದಿಷ್ಟು ಹೊರಕ್ಕೆ ತೆರೆದುಕೊಂಡಿದ್ದವು. ಹಿಂದಿನ ಗಾಲಿ ಹಾಗಿದ್ದರೆ ತಿರುವಿನಲ್ಲಿ ಬಾಲ ನಿಲ್ಲುವುದಿಲ್ಲ, ಎಂಜಿನ್ ಎಲ್ಲಿದ್ದರೂ ಅಷ್ಟೇ. ಓಡುತ್ತ ಓಡುತ್ತ ಚೌಕಟ್ಟು ಕೂತುಕೊಂಡು ಸರಿಹೋಗಬಹುದು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡಿದ್ದೆ. ಅದನ್ನು ಚಾಚಾನಿಗೆ ಹೇಳಿದೆ. ಅವರ ಮುಖ ಒಂದು ಕ್ಷಣ ಕಪ್ಪಿಟ್ಟಿತು. ದಾರ ತರಿಸಿ ತಾವೇ ಹಿಡಿದು ನೋಡಿ, ಖರೆ ಅದ ಎಂದರು.

ಆಮೇಲೆ ನನ್ನ ಸರದಿ. ಎಂಜಿನ್ ಕೂರುವ ರಬ್ಬರ್ ಗುಂಡಿಗಳನ್ನು ನಾನು ತೀರಾ ಮೆತ್ತಗಿನವು ಆರಿಸಿದ್ದೆನಂತೆ. ಚಾಚಾ ಎಂಜಿನ್ ಚಾಲೂ ಮಾಡಿಸಿ, ಎಕ್ಸಲೇಟರ್ ಒಮ್ಮೆ ಜೋರಾಗಿ ಕೊಡಿಸಿ ತೋರಿಸಿದರು. ಎಂಜಿನ್ ಓಲಾಡಿದಾಗ ಎಕ್ಸಲೇಟರ್ ಕೇಬಲ್ ಬಿಗಿದು, ಕಾಲು ತೆಗೆದರೂ ಒಂದು ಗಳಿಗೆ ಎಂಜಿನ್ ಇಳಿಯುತ್ತಿರಲಿಲ್ಲ. ಮೊದಲ ಸಲ ಚಾಲೂ ಮಾಡಿದಾಗಲೇ ಅವರಿಗೆ ಅನುಮಾನ ಬಂದಿತ್ತು. ಹುಡುಗಿ ಖುಷಿಯಲ್ಲಿದ್ದಾಳೆ, ಆಮೇಲೆ ಸದ್ದಿಲ್ಲದೆ ಬದಲಿಸೋಣ ಎಂದು ಸುಮ್ಮನಿದ್ದರು. ಅವರ ಗಾಲಿ ಮತ್ತು ನನ್ನ ರಬ್ಬರ್, ಎರಡೂ ಸೇರಿದ್ದರೆ ಗೌಡರು ಮೊದಲ ತಿರುವಿನಲ್ಲೇ ಟೈರಿನ ಗೋಡೆಗೆ ಹೋಗುತ್ತಿದ್ದರು. ಗಾಡಿ ಗುಜರಿಗೆ ಹೋಗುವುದಿರಲಿ, ಅವರ ಇನ್ನೊಂದು ಭುಜವೂ ಉಳಿಯುತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಬೈದಾಡಿಕೊಂಡು ಕೆಲಸ ಮಾಡಿದಷ್ಟು ಸುಖವಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ. ಕಡಿಯುವ ಮೊದಲು ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ತೆಗೆದುಕೊಂಡೆವು. ಅಗಲ ತಪ್ಪದಂತೆ ಎರಡೂ ಕಡೆ ತಾತ್ಕಾಲಿಕ ಪಟ್ಟಿ ಬಿಗಿದು, ಪೈಪು ಕತ್ತರಿಸಿ, ಎಂಜಿನ್ ಇಳಿಸಿದೆವು. ಕ್ರೌನ್ ತಿರುವುವಾಗ ಚಾಚಾ ನನ್ನನ್ನು ಎದುರಿಗೇ ಕೂರಿಸಿಕೊಂಡರು. ಯಾವ ಮಗ್ಗುಲಿಂದ ಯಾವ ಮಗ್ಗುಲಿಗೆ ಎಂದು ಇಬ್ಬರೂ ಗಟ್ಟಿಯಾಗಿ ಹೇಳಿ ಹೇಳಿ ಹಾಕಿದೆವು. ಗಟ್ಟಿ ರಬ್ಬರ್ ತರಿಸಿದೆ. ಹಿಂದಿನ ಗಾಲಿಗಳ ತೋಳಿನ ಬೋಲ್ಟ್ ತೂತುಗಳನ್ನು ಉದ್ದ ಮಾಡಿ, ಗಾಲಿಗಳು ಒಂದು ಕೂದಲಷ್ಟು ಒಳಕ್ಕೆ ಮುಖ ಮಾಡುವಂತೆ ಚಾಚಾ ಹೊಂದಿಸಿದರು. ನಾನು ದಾರ ಹಿಡಿದೆ, ಇನ್ನೂ ಬೇಕು ಎಂದೆ. ಅವರು ಸಾಕು ಎಂದರು. ಸಾಲದು ಎಂದೆ. ಮತ್ತೆ ನೋಡಿ, ಹೌದ್ರಿ ಬಾಯಾರ ಎಂದು ನನ್ನದೇ ಧಾಟಿಯಲ್ಲಿ ಅಣಕಿಸಿ ತಿರುವಿದರು. ಪೂಜೆ ಗೀಜೆ ಏನೂ ಮಾಡದೆ ಗಾಡಿ ಹೊರಗೆ ತೆಗೆದೆವು. ಮೊದಲ ಗೇರಿಗೆ ಅದು ಮುಂದಕ್ಕೆ ಹೋಯಿತು. ಗೌಡಸಾನಿ ಶೆಡ್ಡಿನ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು.

ರೇಸಿನ ದಿನ ಹೊಲದ ತುಂಬ ಜನ. ಗೌಡಸಾನಿ ನಮ್ಮ ಜೊತೆಗೇ ಟ್ರಾಲಿಯ ಮೇಲೆ ಹತ್ತಿ ನಿಂತರು. ಆ ತಿರುವು ಕಣ್ಣೆದುರಿಗೇ ಇದೆ, ಸುಳ್ಳು ಹೇಳಿ ತಪ್ಪಿಸಿಕೊಳ್ಳಲಾಗದು ಎಂದು ಗೌಡರಿಗೂ ಹೇಳಿಬಿಟ್ಟಿದ್ದರು. ಎರಡನೇ ಸುತ್ತಿಗೆ ಚಾಚಾ ತಸ್ಬಿಯ ಜಪಮಣಿ ಎಣಿಸತೊಡಗಿದರು, ನಾನು ಬಸವಣ್ಣನನ್ನೂ ಸಿಕ್ಕ ಸಿಕ್ಕ ದೇವರನ್ನೂ ನೆನೆದೆ. ಗೌಡರು ಮೊದಮೊದಲು ಹೆದರಿಕೊಂಡೇ ಓಡಿಸಿದರು, ತಿರುವು ಬಂದಾಗ ಗಾಡಿಯನ್ನು ನಡೆಸಿಕೊಂಡು ಹೋಗುತ್ತಿದ್ದರು. ಆಮೇಲೆ ಗಾಡಿಯ ಮೇಲೆ ನಂಬಿಕೆ ಬಂದಂತೆ ಕಂಡಿತು. ಒಬ್ಬೊಬ್ಬರನ್ನೇ ದಾಟಿಕೊಂಡು ಬಂದರು.

ಕೊನೆಯ ಸುತ್ತು, ಹೋದ ವರ್ಷ ಭುಜ ಮುರಿದ ಅದೇ ತಿರುವು. ಮುಂದಿನ ಗಾಡಿ ಎಬ್ಬಿಸಿದ ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ಒಳಗಿಂದ ಎಂಜಿನ್ನಿನ ಸದ್ದು ಒಮ್ಮೆಲೇ ಇಳಿದುದು ಕೇಳಿಸಿತು. ಗೌಡರು ಹೋದ ವರ್ಷದಂತೆಯೇ ಕಾಲು ಎತ್ತಿಬಿಟ್ಟಿದ್ದರು. ನನ್ನ ಕೈಯನ್ನು ಯಾರೋ ಮುರಿದುಹೋಗುವ ಹಾಗೆ ಹಿಂಡಿದರು. ತಿರುಗಿ ನೋಡಿದರೆ ಗೌಡಸಾನಿ. ಧೂಳಿನೊಳಗೆ ಆಮೆಯ ಬಾಲ ಒಂದು ಗೇಣು ಹೊರಕ್ಕೆ ಜಾರಿತು, ಅಲ್ಲಿಗೇ ನಿಂತಿತು, ಮತ್ತೆ ತನ್ನ ಜಾಗಕ್ಕೆ ಬಂತು. ಮೂತಿ ನೆಟ್ಟಗೆ ಮಾಡಿಕೊಂಡು ಗಾಡಿ ತಿರುವಿನಿಂದ ಹೊರಬಿತ್ತು. ಟ್ರಾಲಿಯ ಮೇಲೆ ನಾನೂ ಚಾಚಾನೂ ಕೂಗಿದ ಕೂಗಿಗೆ ಜನ ನಮ್ಮ ಕಡೆ ತಿರುಗಿ ನೋಡಿದರು. ಗೌಡರು ಮೂರನೆಯವರಾಗಿ ಗೆರೆ ದಾಟಿದರು.

ಗಾಡಿ ಬಂದು ನಮ್ಮ ಮುಂದೆ ನಿಂತಿತು. ಗೌಡರು ಇಳಿದು, ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು, ಮೈತುಂಬ ಧೂಳು ಮೆತ್ತಿಕೊಂಡು ಹೆಂಡತಿಯ ಮುಂದೆ ನಿಂತರು. ಮೂರನೆಯ ಬಹುಮಾನದ ಕಡೆ ಅವರಿಗೆ ಲಕ್ಷ್ಯವೇ ಇರಲಿಲ್ಲ. ತಿರುಗಲಿಲ್ಲ ನೋಡು, ಒಂದು ಸಲನೂ ತಿರುಗಲಿಲ್ಲ ಎಂದು ಮೆಲ್ಲಗೆ ಅಂದರು. ಗೌಡಸಾನಿ ಟ್ರಾಲಿಯಿಂದ ಇಳಿದರು. ಗಾಡಿಯ ಸುತ್ತ ಒಂದು ಸಲ ನಡೆದು, ಬಿಸಿ ಟೈರು ಮುಟ್ಟಿ ನೋಡಿ, ಸೆರಗಿನಿಂದ ಕೈ ಒರೆಸಿಕೊಂಡರು. ನಾನು, ಚಾಚಾ, ಗೌಡರು, ಮೂವರೂ ತೀರ್ಪು ಕೇಳಲು ನಿಂತವರ ಹಾಗೆ ನಿಂತಿದ್ದೆವು. ಗೌಡಸಾನಿ ಬಾಯಿ ತೆರೆದರು, ಕೂಗಿ ಕೂಗಿ ಅವರ ದನಿ ಕಟ್ಟಿತ್ತು. ಅವರೂ ಕೂಗಿದ್ದರೆಂಬುದು ನನಗೆ ಆಗಲೇ ತಿಳಿದದ್ದು.

"ಅದಿರ್ಲಿ," ಎಂದರು ಗಂಡನಿಗೆ. "ನಿಮಗಿಂತ ಮುಂದ ಹೋದ ಆ ಎರಡು ಗಾಡಿ ಯಾರವು?"